ನಮ್ಮ ಶೋನಲ್ಲಿ ಊಟ ವೀಗನ್ ಇರ್ಬೇಕಾ? ಪಂಕ್‌ಗೂ ವೀಗನ್‌ಗೂ ಈ ನಂಟು ಬಂದಿದ್ದೆಲ್ಲಿಂದ?

ಬಾಸ್_ಬಸವನಗುಡಿ:
ಎಲ್ರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಒಂದು ಪಂಕ್ ಬ್ಯಾಂಡ್ ಕಟ್ಕೊಂಡಿದೀವಿ, ಅಂದ್ರೆ ಜೋರು ಸದ್ದಿನ ಬಂಡಾಯದ ರಾಕ್, ಹಾಡೆಲ್ಲ ಕನ್ನಡದಲ್ಲೇ, ಒಂದೊಂದು ಒಂದೂವರೆ ಎರಡು ನಿಮಿಷ ಅಷ್ಟೇ. ಮುಂದಿನ ತಿಂಗಳು ಗೆಳೆಯನೊಬ್ಬನ ಗೋಡೌನಲ್ಲಿ ಶೋ ಇಟ್ಕೊಂಡಿದೀವಿ, ಮೂರು ಬ್ಯಾಂಡು, ಅರವತ್ತು ಜನ ಬರಬಹುದು, ಟಿಕೆಟ್ ಇಲ್ಲ, ಬಾಗಿಲ ಹತ್ರ ಡಬ್ಬಿ ಇಟ್ಟಿರ್ತೀವಿ ಕೈಲಾದಷ್ಟು ಹಾಕ್ತಾರೆ. ಬಂದೋರಿಗೆಲ್ಲ ಊಟ ಹಾಕ್ಬೇಕು ಅನ್ನೋದು ನಮ್ಮೆಲ್ಲರ ಆಸೆ, ಜಗಳ ಶುರುವಾಗಿದ್ದು ಅಲ್ಲೇ.

ನಮ್ಮ ಹಾಡೋಳು ವೀಗನ್, ಅಂದ್ರೆ ಮಾಂಸ ಮೊಟ್ಟೆ ಅಷ್ಟೇ ಅಲ್ಲ, ಹಾಲು ತುಪ್ಪಾನೂ ಮುಟ್ಟಲ್ಲ. ಪಂಕ್ ಶೋನಲ್ಲಿ ಊಟ ಅಂದ್ರೆ ವೀಗನ್ನೇ, ಎಲ್ಲಾ ಕಡೆ ಹಂಗೇ ನಡ್ಕೊಂಡು ಬಂದಿರೋದು ಅಂತಾಳೆ. ಡ್ರಮ್ಸ್ ಬಾರಿಸೋನು ಮಂಡ್ಯ ಕಡೆಯವನು, ಬೆಂಗಳೂರಲ್ಲಿ ಅವನಿಗೆ ಮೂರು ಸಲ ಬಾಡಿಗೆ ಮನೆ ಕೈತಪ್ಪಿದೆ, ಮೂರು ಸಲಾನೂ ಓನರ್ ಕೇಳಿದ ಮೊದಲನೇ ಪ್ರಶ್ನೆ ನೀವು ವೆಜ್ಜಾ ನಾನ್‌ವೆಜ್ಜಾ ಅಂತ. ಅವನು ಹೇಳಿದ್ದು ಇಷ್ಟೇ, "ಟು ಲೆಟ್ ಬೋರ್ಡಿನ ಕೆಳಗೆ ಬರೆದಿರೋ ಆ ಮಾತು ನಮ್ಮ ಶೋ ಬಾಗಿಲಿಗೂ ಬಂದ್ರೆ ನಾನು ಸ್ಟಿಕ್ಸ್ ಕೆಳಗಿಟ್ಟು ಮನೆಗೆ ಹೋಗ್ತೀನಿ." ನಾನು ಹುಟ್ಟಿದಾಗಿಂದ ಮಾಂಸ ಬರದೇ ಇರೋ ಮನೆಯವನು, ಹಂಗಾಗಿ ಇದರಲ್ಲಿ ಬಾಯಿ ತೆಗೆಯೋಕೇ ಮುಜುಗರ. ಇಬ್ರು ಹೇಳೋದೂ ಸರಿ ಅನ್ಸತ್ತೆ. ಈ ನಂಟು ಎಲ್ಲಿಂದ ಬಂತು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಹಳೇಕ್ಯಾಸೆಟ್:
ಒಳ್ಳೇ ಪ್ರಶ್ನೆ ಕೇಳಿದೀರಿ. ನಾನು 90ರ ದಶಕದಿಂದ ಇದನ್ನ ಕೇಳ್ಕೊಂಡು ಬಂದಿರೋನು, ಆಗ ಒಂದು ಕ್ಯಾಸೆಟ್ ಕೈಗೆ ಸಿಗೋಕೆ ಆರು ತಿಂಗಳು ಆಗ್ತಿತ್ತು. ನಿಮ್ಮ ಹಾಡೋರು ಹೇಳಿದ್ದು ಸುಳ್ಳಲ್ಲ, ಆದ್ರೆ "ಎಲ್ಲಾ ಕಡೆ" ಅನ್ನೋದು ಪೂರ್ತಿ ನಿಜಾನೂ ಅಲ್ಲ. 1976-77ರ ಮೊದಲ ಅಲೆಯಲ್ಲಿ ಊಟದ ಮಾತು ದೊಡ್ಡದಾಗಿ ಇರ್ಲೇ ಇಲ್ಲ. ಅದು ಬಂದಿದ್ದು ಅನಾರ್ಕೋ ಪಂಕ್, ಅಂದ್ರೆ ಸರ್ಕಾರ ಯಜಮಾನಿಕೆ ಯಾವ್ದೂ ಬೇಡ ಅನ್ನೋರ ಪಂಕ್ ಅಂತ ಆಮೇಲೆ ಹೆಸರಾಯ್ತಲ್ಲ ಆ ಕಡೆಯಿಂದ. ಕ್ರಾಸ್ ಅನ್ನೋ ಬ್ಯಾಂಡು, 1977ರಲ್ಲಿ ಶುರು, ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಡಯಲ್ ಹೌಸ್ ಅನ್ನೋ ಹಳ್ಳಿಮನೇಲಿ ಎಲ್ಲಾ ಒಟ್ಟಿಗೇ ಇದ್ರು, ಬಾಗಿಲು ಯಾವಾಗ್ಲೂ ತೆಗೆದೇ ಇರ್ತಿತ್ತು, ಹಿತ್ತಲಲ್ಲಿ ತರಕಾರಿ ಬೆಳೀತಿದ್ರು. ರೆಕಾರ್ಡಿನ ಕವರ್ ಮೇಲೆ ಇದಕ್ಕಿಂತ ಜಾಸ್ತಿ ದುಡ್ಡು ಕೊಡಬೇಡಿ ಅಂತ ಬೆಲೆ ಅಚ್ಚು ಹಾಕೋರು. ಕವರ್ ಬಿಚ್ಚಿದ್ರೆ ಪೋಸ್ಟರ್ ಥರ ಅಗಲ ಆಗೋದು, ಅದರ ತುಂಬ ಓದೋಕೆ ಬರಹ. ಈ ಬಿಚ್ಚೋ ಕವರ್ ವಿಷಯ ಚಿಕ್ಕದು ಅನ್ಕೋಬೇಡಿ, ಪ್ರಾಣಿಗಳ ಮೇಲಿನ ಪ್ರಯೋಗದ ಬಗ್ಗೆ, ಕಸಾಯಿಖಾನೆ ಬಗ್ಗೆ ಹದಿನೈದು ಹದಿನಾರು ವಯಸ್ಸಿನ ಹುಡುಗರು ಮೊದಲು ಓದಿದ್ದು ಇಂಥಾ ಕವರುಗಳಲ್ಲೇ.

ಆಮೇಲೆ 1981ರಲ್ಲಿ ಫ್ಲಕ್ಸ್ ಆಫ್ ಪಿಂಕ್ ಇಂಡಿಯನ್ಸ್ ಅನ್ನೋ ಬ್ಯಾಂಡಿನದು, ಮಾಂಸದಂಗಡಿ ಮೇಲೇ ಒಂದು ಹಾಡು. 1983ರಲ್ಲಿ ದಕ್ಷಿಣ ಲಂಡನ್ನಿನ ಕಾನ್‌ಫ್ಲಿಕ್ಟ್ ಬ್ಯಾಂಡಿನದು "ಟು ಎ ನೇಷನ್ ಆಫ್ ಅನಿಮಲ್ ಲವರ್ಸ್", ಅದೇ ವರ್ಷ ಸಬ್‌ಹ್ಯೂಮನ್ಸ್‌ದು ಪ್ರಯೋಗಾಲಯದ ಪ್ರಾಣಿಗಳ ಬಗ್ಗೆ "ಎವಲ್ಯೂಷನ್". ಕಾಲ ಯಾವ್ದು ನೋಡಿ, ಪ್ರಧಾನಿ ಥ್ಯಾಚರ್ ಆಳ್ವಿಕೆ, 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧ, ಕಾರ್ಖಾನೆಗಳು ಮುಚ್ತಾ ಇವೆ. ಇವರಿಗೆ ಯುದ್ಧಕ್ಕೆ ಹುಡುಗರನ್ನ ಕಳಿಸೋದು, ಕಾರ್ಖಾನೇಲಿ ದುಡಿಸಿ ಬಿಸಾಕೋದು, ಪ್ರಾಣಿನ ಸಾಲಲ್ಲಿ ನಿಲ್ಸಿ ಕಡಿಯೋದು ಎಲ್ಲಾ ಒಂದೇ ಯಂತ್ರದ ಹಲ್ಲುಗಳ ಥರ ಕಾಣ್ತು. ಪ್ರಯೋಗಾಲಯಗಳಿಂದ ಪ್ರಾಣಿಗಳನ್ನ ಬಿಡಿಸೋರ ಗುಂಪು ಅನಿಮಲ್ ಲಿಬರೇಷನ್ ಫ್ರಂಟ್ 1976ರಿಂದಲೇ ಇತ್ತು, ನರಿ ಬೇಟೆ ತಡೆಯೋರ ಸಂಘ 1963ರಿಂದ. ಕುದುರೆ ಮೇಲೆ ಕೆಂಪು ಕೋಟು ಹಾಕ್ಕೊಂಡು ನಾಯಿಗಳ ಹಿಂಡು ಬಿಟ್ಟು ನರಿ ಬೇಟೆ ಆಡೋದು ಅಂದ್ರೆ ಆಗ ಅಲ್ಲಿ ಜಮೀನ್ದಾರರ ಶೋಕಿ ಅಂತಲೇ ಲೆಕ್ಕ. ಬಡ ಮನೆ ಹುಡುಗರು ಶನಿವಾರ ಬೆಳಿಗ್ಗೆ ಹೋಗಿ ಅದಕ್ಕೆ ಅಡ್ಡ ನಿಂತು ಒದೆ ತಿಂದು, ರಾತ್ರಿ ಶೋಗೆ ಬರೋರು.

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಅಲ್ಲಿಯ ಹುಡುಗ ಭಾನುವಾರ ಅಪ್ಪನ ಮನೇಲಿ ಮಾಂಸದ ರೋಸ್ಟ್ ಬೇಡ ಅಂತ ತಟ್ಟೆ ತಳ್ಳಿದ್ರೆ ಮನೆಯವರನ್ನ ಎದುರು ಹಾಕ್ಕೊಂಡ ಹಾಗೆ. ನಮ್ಮ ಬಸವನಗುಡಿ ಹುಡುಗ ಮಾಂಸ ಬೇಡ ಅಂದ್ರೆ ಮನೆಯವರ ಮಾತು ಕೇಳಿದ ಹಾಗೆ. ತಟ್ಟೇಲಿರೋದು ಒಂದೇ, ಅರ್ಥ ಉಲ್ಟಾ. ನಿಮ್ಮ ಡ್ರಮ್ಮರ್ ಸಿಟ್ಟು ನನಗೆ ಅರ್ಥ ಆಗತ್ತೆ.

ಲೈಪ್‌ಜಿಗ್_ಕನ್ನಡತಿ:
ನಾನು ಏಳು ವರ್ಷದಿಂದ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಇದೀನಿ, ಊರು ತುಮಕೂರು. ಇಲ್ಲಿ ಕಾನೆವಿಟ್ಜ್ ಅಂತ ಒಂದು ಏರಿಯಾ, ಪಂಕ್ ಎಡಪಂಥ ಎರಡಕ್ಕೂ ಹೆಸರುವಾಸಿ. ಇಲ್ಲಿ ಕ್ಯೂಫಾ ಅಂತಾರೆ, ಬಿಡಿಸಿ ಹೇಳಿದ್ರೆ ಎಲ್ಲರ ಅಡುಗೆಮನೆ. ವಾರದಲ್ಲಿ ಒಂದು ದಿನ ಒಂದು ಗುಂಪು ಸೇರಿ ದೊಡ್ಡ ಪಾತ್ರೇಲಿ ಅಡುಗೆ ಮಾಡತ್ತೆ, ಬಂದೋರು ಕೈಲಾದಷ್ಟು ಹಾಕಿ ಊಟ ಮಾಡ್ತಾರೆ, ಪಾತ್ರೆ ತೊಳೆಯೋದು ಅವರವರೇ. ಟೂರ್ ಬಂದ ಬ್ಯಾಂಡಿಗೂ ಅದೇ ಪಾತ್ರೆಯಿಂದಲೇ. ಊಟ ಹೆಚ್ಚುಕಮ್ಮಿ ಯಾವಾಗ್ಲೂ ವೀಗನ್.

ಯಾಕೆ ಅಂತ ನಾನು ಶುರುವಲ್ಲಿ ಕೇಳಿದ್ದೆ. ಪ್ರಾಣಿ ವಿಷಯ ಇದ್ದೇ ಇದೆ, ಆದ್ರೆ ಅಡುಗೆ ಮಾಡೋಳು ಕೊಟ್ಟ ಉತ್ತರ ಬೇರೆ: ಒಂದೇ ಪಾತ್ರೆ ಇರೋದು, ಯಾರು ಬರ್ತಾರೋ ಗೊತ್ತಿಲ್ಲ, ಮುಸ್ಲಿಂ ಹುಡುಗ ಬಂದ್ರೆ ಹಂದಿ ಬೇಡ, ಯಹೂದಿ ಬಂದ್ರೆ ಮಾಂಸ ಹಾಲು ಸೇರಬಾರದು, ನಿನ್ನ ಥರದವಳು ಬಂದ್ರೆ ದನ ಬೇಡ, ಹಾಲು ಆಗದೇ ಇರೋರು ಇರ್ತಾರೆ, ಬೇಳೆ ಬೇಯಿಸಿದ್ರೆ ಎಲ್ರೂ ಒಂದೇ ಬೆಂಚಲ್ಲಿ ಕೂತು ತಿಂತಾರೆ. ದುಡ್ಡಿನ ಲೆಕ್ಕಾನೂ ಹೌದು, ಬೇಳೆ ಕಡ್ಲೆ ಆಲೂಗಡ್ಡೇಲಿ ಎಪ್ಪತ್ತು ಜನಕ್ಕೆ ಎಷ್ಟಾಗತ್ತೆ, ಮಾಂಸದಲ್ಲಿ ಎಷ್ಟಾಗತ್ತೆ, ನೀವೇ ಯೋಚ್ನೆ ಮಾಡಿ. ಫ್ರಿಜ್ ಇಲ್ಲದ ಹಳೇ ಕಟ್ಟಡದಲ್ಲಿ ಮಾಂಸ ಇಟ್ರೆ ಕೆಟ್ಟು ಹೋಗೋ ಭಯ ಬೇರೆ.

ಅಮೆರಿಕದಲ್ಲಿ ಫುಡ್ ನಾಟ್ ಬಾಂಬ್ಸ್ ಅಂತ ಇದೆಯಲ್ಲ, 1980ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನಲ್ಲಿ ಅಣುಸ್ಥಾವರದ ವಿರುದ್ಧ ಹೋರಾಡ್ತಿದ್ದೋರು ಶುರು ಮಾಡಿದ್ದು, ಅಂಗಡಿಗಳು ಬಿಸಾಕೋ ಒಳ್ಳೇ ತರಕಾರಿ ಬ್ರೆಡ್ ತಂದು ಬೇಯ್ಸಿ ರಸ್ತೇಲಿ ಪುಕ್ಕಟೆ ಹಂಚೋದು. 1988ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಊಟ ಹಂಚಿದ್ದಕ್ಕೇ ಅವರನ್ನ ಅರೆಸ್ಟ್ ಮಾಡಿದ್ರು. ಪಂಕ್ ಹುಡುಗ್ರು ಊರೂರಲ್ಲಿ ಇದನ್ನ ಎತ್ಕೊಂಡು ಹೋದ್ರು, ಇಂಡೋನೇಷ್ಯಾದಲ್ಲೂ ಇದೆ. ಹಾಡಿಗಿಂತ ಈ ಪಾತ್ರೆಗಳೇ ವೀಗನ್ ಅನ್ನೋದನ್ನ ಪಂಕ್‌ಗೆ ಗಟ್ಟಿಯಾಗಿ ಕಟ್ಟಿದ್ದು ಅಂತ ನನ್ನ ಅನಿಸಿಕೆ.

ನಾನು ಮೊದಲ ಸಲ ಅಲ್ಲಿ ಮಾಡಿದ್ದು ಬಿಸಿಬೇಳೆಬಾತ್, ತುಪ್ಪ ಇಲ್ಲದೆ. ಅಮ್ಮನಿಗೆ ಫೋನಲ್ಲಿ ಹೇಳಿದ್ರೆ ತುಪ್ಪ ಇಲ್ದಿದ್ರೆ ಅದು ಬಿಸಿಬೇಳೆಬಾತೇ ಅಲ್ಲ ಅಂದ್ರು. ಪಾತ್ರೆ ಮಾತ್ರ ಅರ್ಧ ಗಂಟೇಲಿ ಖಾಲಿ.

ಕಡಲತಡಿ:
ಲೈಪ್‌ಜಿಗ್ ಅಕ್ಕ, ನೀವು ಹೇಳಿದ್ದು ಓದಿ ಖುಷಿಯೂ ಆಯ್ತು, ಹೊಟ್ಟೆಯಲ್ಲಿ ಸಂಕಟವೂ ಆಯ್ತು. ನಂದು ಮಲ್ಪೆ ಹತ್ರ. ನನ್ನ ಅಮ್ಮ ಬುಟ್ಟಿಯಲ್ಲಿ ಮೀನು ಮಾರಿ ನನ್ನನ್ನು ಇಂಜಿನಿಯರಿಂಗ್ ಓದಿಸಿದ್ದು. ಕಾಲೇಜು ಹಾಸ್ಟೆಲಲ್ಲಿ ಎರಡು ಸಾಲು ಇತ್ತು, ವೆಜ್‌ದು ಬೇರೆ, ನಮ್ಮದು ಬೇರೆ. ರಜೆ ಮುಗಿಸಿ ಅಮ್ಮ ಕೊಟ್ಟ ಸಿಗಡಿ ಚಟ್ನಿ ಡಬ್ಬಿ ತಂದ್ರೆ ರೂಮಿನವ ಕಿಟಕಿ ತೆಗೀತಿದ್ದ. ಅವ ಏನೂ ಮಾತಾಡ್ಲಿಲ್ಲ, ಕಿಟಕಿ ತೆಗೆದ ಅಷ್ಟೆ, ಇವತ್ತಿಗೂ ನಂಗೆ ಅದು ಮರ್ತು ಹೋಗುದಿಲ್ಲ.

ನಿಮ್ಮಲ್ಲಿ ಮಾಂಸ ಇಲ್ಲದ ಪಾತ್ರೆ ಎಲ್ಲರನ್ನೂ ಕೂರಿಸ್ತದೆ. ನಮ್ಮಲ್ಲಿ ಅದೇ ಪಾತ್ರೆ ಇಟ್ಕೊಂಡು ಯಾರು ಒಳಗೆ ಯಾರು ಹೊರಗೆ ಅಂತ ನೂರಾರು ವರ್ಷ ನಿರ್ಧಾರ ಆಗಿದೆ. ಪಂಕ್ತಿಭೇದ ಅನ್ನುವ ಶಬ್ದ ಎಲ್ಲಿಂದ ಬಂತು ಹೇಳಿ, ಊಟದ ಸಾಲಿನಿಂದಲೇ ಅಲ್ವಾ. 2021ರಲ್ಲಿ ಕಲ್ಯಾಣ ಕರ್ನಾಟಕದ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡ್ಲಿಕ್ಕೆ ಶುರು ಮಾಡಿದಾಗ ಎಷ್ಟು ವಿರೋಧ ಬಂತು, ಮಕ್ಕಳಿಗೆ ಅಪೌಷ್ಟಿಕತೆ ಉಂಟು ಅಂತ ಗೊತ್ತಿದ್ದೂ. ಅದಕ್ಕೆ ಕಾನ್‌ಫ್ಲಿಕ್ಟ್ ಹಾಡು ನಂಗೆ ಜೀವ, ಆದ್ರೆ ಅದರಲ್ಲಿ ಮಾಂಸ ಅಂದ್ರೆ ಕೊಲೆ ಅನ್ನುವ ಸಾಲು ಬರುವಾಗ ನನಗೆ ಕಾಣುದು ನನ್ನ ಅಮ್ಮನ ಮುಖ. ಹಾಡು ಬರೆದವರಿಗೆ ಅವಳು ಗೊತ್ತಿಲ್ಲ, ಅದು ಅವರ ತಪ್ಪಲ್ಲ. ಆದ್ರೆ ಅದನ್ನು ಇಲ್ಲಿಗೆ ತಂದು ಹಾಡುವವರಿಗೆ ಗೊತ್ತಿರ್ಬೇಕು.

ಮೂರು_ಕಾರ್ಡ್:
ಕಡಲತಡಿ ಅಣ್ಣ, ನಿಮ್ಮ ಅಮ್ಮನ ಬಗ್ಗೆ ಒಂದು ಮಾತೂ ಆಡಲ್ಲ, ಕೈಮುಗಿದು ಹೇಳ್ತೀನಿ. ಆದ್ರೆ ನಾನು ವೀಗನ್, ಐದು ವರ್ಷ ಆಯ್ತು, ನನ್ನ ಮಾತೂ ಕೇಳಿ. ಸಸ್ಯಾಹಾರಿ ಬೇರೆ ವೀಗನ್ ಬೇರೆ. ಇಂಗ್ಲೆಂಡಿನಲ್ಲಿ 1944ರಲ್ಲಿ ಡೊನಾಲ್ಡ್ ವಾಟ್ಸನ್ ಮತ್ತೆ ಜೊತೆಯವರು ವೀಗನ್ ಸೊಸೈಟಿ ಅಂತ ಬೇರೆ ಆಗಿದ್ದೇ ಹಾಲು ಮೊಟ್ಟೆ ವಿಷಯಕ್ಕೆ, ಸಸ್ಯಾಹಾರಿಗಳ ಸಂಘದ ಒಳಗೆ ಅದಕ್ಕೆ ಜಾಗ ಸಿಗಲಿಲ್ಲ ಅಂತ. ಕೆನಡಾದ ಪ್ರೊಪಗಾಂಧಿ ಬ್ಯಾಂಡು 1996ರ ಆಲ್ಬಮ್‌ನಲ್ಲಿ ಹಾಲನ್ನ ದ್ರವರೂಪದ ಮಾಂಸ ಅಂತಲೇ ಕರೆದಿದ್ದು, ಆ ಹಾಡಿನ ಹೆಸರಲ್ಲಿ ಫ್ರೆಂಚ್ ತತ್ವಜ್ಞಾನಿ ದೆಕಾರ್ಟ್‌ನೂ ಬರ್ತಾನೆ, ಪ್ರಾಣಿಗಳು ಬರೀ ಯಂತ್ರ ಇದ್ದ ಹಾಗೆ ಅಂದೋನು. ಅದೇ ಆಲ್ಬಮ್ಮಿನ ಕವರ್ ಮೇಲೆ ಪ್ರಾಣಿಗಳ ಪರ, ಫ್ಯಾಸಿಸ್ಟ್ ವಿರೋಧಿ, ಗೇ ಜನರ ಪರ, ಸ್ತ್ರೀವಾದದ ಪರ ಅಂತ ನಾಲ್ಕನ್ನೂ ಒಟ್ಟಿಗೇ ಬರ್ಕೊಂಡಿದಾರೆ, ಒಂದನ್ನ ತೆಗೆದು ಇನ್ನೊಂದನ್ನ ಇಟ್ಕೊಳ್ಳೋ ಹಾಗಿಲ್ಲ ಅನ್ನೋ ಥರ.

ಈಗ ನಮ್ಮೂರಿಗೆ ಬನ್ನಿ. ಯಾರು ತಾವು ಶುದ್ಧ ಅಂತಾರೋ ಅವರ ಮನೇಲೇ ಹಾಲು ಮೊಸರು ಬೆಣ್ಣೆ ತುಪ್ಪ ನೀರಿನ ಹಾಗೆ ಹರಿಯೋದು. ಹಸು ಕರು ಹಾಕಿದ್ರೇ ಹಾಲು, ಹುಟ್ಟಿದ ಗಂಡು ಕರು ಎಲ್ಲಿಗೆ ಹೋಗತ್ತೆ? ಟ್ರ್ಯಾಕ್ಟರ್ ಬಂದ ಮೇಲೆ ಉಳುಮೆಗೂ ಬೇಡ. ಗೊಡ್ಡಾದ ಹಸು ಎಲ್ಲಿಗೆ ಹೋಗತ್ತೆ? ಹಾಲು ಕುಡಿದೋನು ಕೈ ತೊಳ್ಕೊಂಡು ಕೂರ್ತಾನೆ, ದನ ಸಾಗಿಸೋನು ಕಡಿಯೋನು ಚರ್ಮ ಹದ ಮಾಡೋನು ಪಾಪ ಹೊರ್ತಾನೆ, 2020ರ ಗೋಹತ್ಯೆ ನಿಷೇಧ ಕಾಯ್ದೆ ಆದ್ಮೇಲೆ ಕೇಸೂ ಅವನ ಮೇಲೇ. ಇನ್ನು ಮಡಿ. ಮಡಿ ಉಡೋದು ರೇಷ್ಮೆ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಹೋಗಿ ನೋಡಿ, ಆ ಗೂಡು ಒಂದೊಂದರ ಒಳಗೂ ಜೀವಂತ ಹುಳ ಇರತ್ತೆ, ಬಿಸಿನೀರಲ್ಲಿ ಬೇಯಿಸಿದ್ರೇ ನೂಲು ತುಂಡಾಗದೆ ಬರೋದು. ಒಂದು ಪಟ್ಟೆ ಪಂಚೆಗೆ ಸತ್ತ ಜೀವಗಳನ್ನ ಎಣಿಸಿದ್ರೆ ಒಂದು ಬುಟ್ಟಿ ಮೀನು ಯಾವ ಲೆಕ್ಕ. ಹಂಗಾಗಿ ನಾನು ವೀಗನ್ ಆದಾಗ ನಮ್ಮ ಮನೇಲಿ ಖುಷಿ ಪಡ್ಲಿಲ್ಲ, ಅಭಿಷೇಕದ ಹಾಲು ಬೇಡ ಅಂತೀಯಾ, ರೇಷ್ಮೆ ಉಡಲ್ಲ ಅಂತೀಯಾ ಅಂತ ಅಜ್ಜಿ ಮೂರು ತಿಂಗಳು ಮಾತೇ ಬಿಟ್ಟಿದ್ರು. ಹಳೇಕ್ಯಾಸೆಟ್ ಸರ್ ಹೇಳಿದ ಭಾನುವಾರದ ರೋಸ್ಟ್ ಇದೆಯಲ್ಲ, ನಮ್ಮ ಮನೆಗಳಲ್ಲಿ ಆ ಜಾಗದಲ್ಲಿ ಇರೋದು ತುಪ್ಪ. ಮಾಂಸ ಬೇಡ ಅಂದ್ರೆ ಯಾರಿಗೂ ನೋಯಲ್ಲ, ತುಪ್ಪ ಬೇಡ ಅನ್ನಿ ನೋಡೋಣ.

ಧಾರವಾಡ_ಎಡ್ಜ್:
ಮೂರು ಕಾರ್ಡ್ ಅವರ ಮಾತು ಎದಿಗೆ ನಾಟ್ತು ನೋಡ್ರಿ. ನಾ ಸ್ಟ್ರೈಟ್ ಎಡ್ಜ್, ಕುಡಿಯಂಗಿಲ್ಲ, ಸಿಗರೇಟ್ ಸೇದಂಗಿಲ್ಲ. ಯಾಕಂದ್ರ ನಮ್ಮಪ್ಪ ಕುಡಿದು ಕುಡಿದು ಹೊಲಾ ಮಾರಿದ, ಆಮ್ಯಾಲೆ ತಾನೂ ಹೋದ. ಹದಿನೇಳು ವರ್ಷದಾಗ ಯಾರೋ ಪೆನ್ ಡ್ರೈವ್‌ನ್ಯಾಗ ಮೈನರ್ ಥ್ರೆಟ್ ಹಾಡು ಕೊಟ್ರು. ವಾಷಿಂಗ್ಟನ್ ಡಿಸಿ ಹುಡುಗರು, ಸ್ಟ್ರೈಟ್ ಎಡ್ಜ್ ಅನ್ನೂ ಹೆಸರು 1981ರ ಅವರ ಹಾಡಿಂದನ ಬಂದಿದ್ದು. ಕುಡಿಯೂದು ಬ್ಯಾಡ ಅಂತ ಗುಡಿ ಸ್ವಾಮೇರು ಹೇಳೂದು ಬ್ಯಾರೆ, ಗಿಟಾರ್ ಹಿಡಕೊಂಡು ನನ್ನ ವಯಸ್ಸಿನಾಂವ ಒದರೂದು ಬ್ಯಾರೆ. ಕೈ ಮ್ಯಾಲೆ ಎಕ್ಸ್ ಬರಕೋತಾರಲ್ಲ, ವಯಸ್ಸು ಸಾಲದ ಹುಡುಗರಿಗೆ ಬಾರ್‌ನಾಗ ಹೆಂಡ ಕೊಡಬಾರದು ಅಂತ ಹಾಕ್ತಿದ್ದ ಗುರುತು ಅದು, ಅದನ್ನ ತಮ್ಮ ಅಭಿಮಾನದ ಗುರುತು ಮಾಡ್ಕೊಂಡ್ರು.

ಅಲ್ಲಿಂದ ನ್ಯೂಯಾರ್ಕಿಗೆ ಹೋದ್ರ ಯೂತ್ ಆಫ್ ಟುಡೇ, 1988ರಾಗ ಮಾಂಸ ಬಿಡ್ರಿ ಅಂತ ಹಾಡು ಮಾಡಿದ್ರು, ಅದಾದ ಮ್ಯಾಲೆ ಸ್ಟ್ರೈಟ್ ಎಡ್ಜ್‌ಗೂ ಮಾಂಸ ಬಿಡೂದಕ್ಕೂ ಗಂಟು ಬಿತ್ತು. ಹಾಡ್ತಿದ್ದ ರೇ ಕಾಪೋ ಹರೇಕೃಷ್ಣ ಭಕ್ತ ಆಗಿ ಶೆಲ್ಟರ್ ಅಂತ ಇನ್ನೊಂದು ಬ್ಯಾಂಡ್ ಕಟ್ಟಿದ. ಅದಕ್ಕೂ ಮೊದಲ ಕ್ರೋ ಮ್ಯಾಗ್ಸ್ 1986ರ ಆಲ್ಬಮ್ಮಿಗೆ ಇಟ್ಟ ಹೆಸರು "ದಿ ಏಜ್ ಆಫ್ ಕ್ವಾರಲ್", ಅಂದ್ರ ಕಲಿಯುಗ! ಮೊದಲ ಸಲ ಗೊತ್ತಾದಾಗ ಮೈ ಜುಮ್ಮಂತು, ನಮ್ಮಜ್ಜಿ ದಿನಾ ಅಂತಿದ್ದ ಶಬ್ದ ನ್ಯೂಯಾರ್ಕಿನ ಬೀದಿ ಹುಡುಗರ ಬಾಯಾಗ. ಆದ್ರ ಒಂದು ತಿಳಕೋರಿ, ಕೃಷ್ಣ ಭಕ್ತರು ಹಾಲು ಬಿಟ್ಟಿಲ್ಲ, ಹಿಂಗಾಗಿ ಆ ದಾರಿ ಮಾಂಸ ಬಿಡೂದರ ತನಕ ಬಂತು, ವೀಗನ್ ತನಕ ಹೋಗಿದ್ದು ಬ್ಯಾರೆಯವರು. ಸಿರಾಕ್ಯೂಸ್ ಊರಿನ ಅರ್ಥ್ ಕ್ರೈಸಿಸ್, 1993ರ "ಫೈರ್‌ಸ್ಟಾರ್ಮ್" ಕೇಳ್ರಿ. ನಾ ಹಾಲು ಇನ್ನೂ ಬಿಟ್ಟಿಲ್ಲ, ಮನ್ಯಾಗ ಎರಡು ಎಮ್ಮಿ ಅದಾವು, ಅವ್ವನ ಸಂಸಾರ ನಡಿಯೂದು ಡೇರಿಗೆ ಹಾಕೂ ಹಾಲಿನ ಮ್ಯಾಲೆ. ಬಿಡಬೇಕು ಅಂತ ಮನಸ್ಸಿಗೆ ಅನಸ್ತದ, ಹೆಂಗ ಬಿಡೂದು ಗೊತ್ತಾಗವಲ್ದು.

ಹಳೇಕ್ಯಾಸೆಟ್:
ಧಾರವಾಡದವರು ಆ ದಾರಿ ಹೇಳಿದ್ರಲ್ಲ, ಅದರ ಕೊನೇಲಿ ಏನಾಯ್ತು ಅನ್ನೋದೂ ಹೇಳ್ಬೇಕು. 1990ರಲ್ಲಿ ವೀಗನ್ ರೈಕ್ ಅನ್ನೋ ಬ್ಯಾಂಡಿನ ರೆಕಾರ್ಡಿನಿಂದ ಹಾರ್ಡ್‌ಲೈನ್ ಅಂತ ಒಂದು ಪಂಗಡ ಹುಟ್ಟಿತು. ವೀಗನ್ ಆಗಿರ್ಬೇಕು, ಕುಡೀಬಾರದು, ಅಲ್ಲಿಗೇ ನಿಲ್ಲಲಿಲ್ಲ, ಗರ್ಭಪಾತ ತಪ್ಪು, ಸಲಿಂಗ ಪ್ರೇಮ ಪ್ರಕೃತಿ ವಿರುದ್ಧ, ಹೀಗೆ ಪಟ್ಟಿ ಬೆಳೀತು. ಪಂಕ್‌ನಲ್ಲೇ ಬಹಳ ಜನ ಅವರನ್ನ ದೂರ ಇಟ್ರು. ಸಾಲ್ಟ್ ಲೇಕ್ ಸಿಟೀಲಿ ಹೊಡೆದಾಟ ಎಷ್ಟಾಯ್ತು ಅಂದ್ರೆ ಪೊಲೀಸರು ಸ್ಟ್ರೈಟ್ ಎಡ್ಜ್ ಹುಡುಗರನ್ನ ಗ್ಯಾಂಗ್ ಲೆಕ್ಕಕ್ಕೆ ಸೇರಿಸಿದ್ರು. ಕರುಣೆಯಿಂದ ಶುರುವಾಗಿದ್ದು ಶುದ್ಧ ಅಶುದ್ಧದ ಕಡೆ ತಿರುಗಿದ್ರೆ ಏನಾಗತ್ತೆ ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ, ನಾವು ಅದರಲ್ಲೇ ಹುಟ್ಟಿ ಬೆಳೆದೋರು. ಹಾರ್ಡ್‌ಲೈನ್ ಬಗ್ಗೆ ಮೊದಲ ಸಲ ಓದಿದಾಗ ಇದು ಮಡಿ ಅಲ್ವಾ ಅಂತ ನನಗೆ ತಕ್ಷಣ ಹೊಳೀತು.

ಲೆದರ್ ಜಾಕೆಟ್ ಬಗ್ಗೆ ಯಾರಾದ್ರೂ ಕೇಳೇ ಕೇಳ್ತೀರಿ. ಹೌದು, ಪಂಕ್ ಅಂದ ತಕ್ಷಣ ಕಣ್ಮುಂದೆ ಬರೋದು ಅದೇ, ವೀಗನ್ನರು ಕ್ಯಾನ್ವಾಸ್ ಶೂ, ಮಿಲಿಟರಿ ಬಟ್ಟೆ ಹಾಕ್ಕೊಂಡ್ರು, ಹಳೇ ಜಾಕೆಟ್ ಬಿಸಾಕೋದಾ ಬೇಡ್ವಾ ಅಂತ ಇವತ್ತಿಗೂ ಜಗಳ ನಡೀತಾನೇ ಇದೆ.

ಕಡಲತಡಿ:
ಮೂರು ಕಾರ್ಡ್, ನೀವು ರೇಷ್ಮೆ ಮತ್ತು ತುಪ್ಪದ ಬಗ್ಗೆ ಬರೆದದ್ದನ್ನು ಎರಡು ಸಲ ಓದಿದೆ. ನಮ್ಮ ಕಡೆಯಿಂದ ಶುರು ಮಾಡದೆ ನಿಮ್ಮ ಮನೆಯಿಂದಲೇ ಶುರು ಮಾಡಿದ್ದೀರಿ, ಹಾಗೆ ಮಾತಾಡುವ ವೀಗನ್ ನಂಗೆ ಇಷ್ಟರವರೆಗೆ ಸಿಕ್ಕಿರ್ಲಿಲ್ಲ. ನಾನು ಮೀನು ಬಿಡುದಿಲ್ಲ. ಆದ್ರೆ ಟ್ರಾಲರ್‌ನವರು ಲೈಟ್ ಹಾಕಿ ಮರಿಮೀನು ಸಮೇತ ಬಳಿದು ಫಿಶ್‌ಮೀಲ್ ಫ್ಯಾಕ್ಟರಿಗೆ ಹಾಕುದನ್ನು ನೋಡಿ ನನ್ನ ಅಮ್ಮನಿಗೇ ಹೊಟ್ಟೆ ಉರೀತದೆ, ಆ ಸಿಟ್ಟಿನಲ್ಲಿ ನಾವಿಬ್ರೂ ಒಟ್ಟಿಗೆ ಇರ್ಬಹುದು. ಬಸವನಗುಡಿಯವರೆ, ನನ್ನ ಸಲಹೆ ಒಂದೇ: ಏನು ಬೇಕಾದ್ರೂ ಬೇಯಿಸಿ, ಆದ್ರೆ ವೆಜ್ ಅನ್ನುವ ಆ ಎರಡಕ್ಷರದ ಇಂಗ್ಲಿಷ್ ಶಬ್ದ ಎಲ್ಲಿಯೂ ಬರೀಬೇಡಿ. ಅಡುಗೆಯ ಹೆಸರು ಬರೀರಿ ಸಾಕು. ಮತ್ತೆ ಯಾರಾದ್ರೂ ಮನೆಯಿಂದ ಡಬ್ಬಿ ತಂದ್ರೆ ಕಿಟಕಿ ತೆಗೀಬೇಡಿ.

ಬಾಸ್_ಬಸವನಗುಡಿ:
ನಿನ್ನೆ ಪ್ರಾಕ್ಟೀಸ್ ಆದ್ಮೇಲೆ ನಾಲ್ಕೂ ಜನ ಕೂತು ಮೇಲಿಂದ ಕೆಳಗಿನವರೆಗೆ ಎಲ್ಲಾ ಓದಿದ್ವಿ, ಜೋರಾಗಿ. ಕಿಟಕಿ ವಿಷಯ ಬಂದಾಗ ಡ್ರಮ್ಮರ್ ಎದ್ದು ಆಚೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ. ಹಾಡೋಳು ಅವನಿಗೆ, ನಿನ್ನ ಬಾಡಿಗೆ ಮನೆ ಕಥೆ ನಾನು ಇಷ್ಟು ದಿನ ಕೇಳ್ಕೊಂಡಿದ್ದೆ, ಆದ್ರೆ ನನ್ನ ಮಾತು ನಿನಗೆ ಆ ಓನರ್ ಮಾತಿನ ಥರ ಕೇಳಿಸ್ತಿದೆ ಅಂತ ಹೊಳೆದೇ ಇರ್ಲಿಲ್ಲ ಅಂದ್ಲು. ಅದರ ಮೇಲೆ ಒಂದು ಹಾಡು ಮಾಡೋಣ ಅಂತ ಶುರುವಾಗಿದೆ, ಟು ಲೆಟ್ ಬೋರ್ಡಿನದು, ಎರಡು ಸಾಲು ಅವನೇ ಬರೆದ.

ತೀರ್ಮಾನ ಹೀಗೆ. ದೊಡ್ಡ ಪಾತ್ರೆಯ ಊಟ ಬಿಸಿಬೇಳೆಬಾತ್, ತುಪ್ಪ ಇಲ್ಲ, ಮೊಸರು ಇಲ್ಲ, ಬೋರ್ಡಲ್ಲಿ ಬರೀ ಬಿಸಿಬೇಳೆಬಾತ್ ಅಂತ ಇರತ್ತೆ. ತುಪ್ಪ ಇಲ್ಲ ಅಂತ ನಮ್ಮ ಮನೆಯವರಿಗೆ ಹೇಳೋ ಕೆಲಸ ನಂದು, ನಮ್ಮಪ್ಪ ಅಮ್ಮ ಶೋಗೆ ಬರ್ತಿದಾರೆ. ಡ್ರಮ್ಮರ್ ಮನೆಯಿಂದ ಅವರಮ್ಮ ಏನು ಕಟ್ಟಿ ಕಳಿಸ್ತಾರೋ ಅದು ಅದೇ ಮೇಜಿನ ಮೇಲೇ ಇರತ್ತೆ, ಬೇರೆ ಮೇಜು ಹಾಕಲ್ಲ. ಹಾಡೋಳು ಒಪ್ಕೊಂಡ್ಲು, ಪೂರ್ತಿ ಮನಸ್ಸಿಂದ ಅಲ್ಲ, ಮುಂದಿನ ಶೋಗೆ ಮತ್ತೆ ಮಾತಾಡ್ಬೇಕು ಅಂದಿದಾಳೆ, ಅದೂ ನ್ಯಾಯಾನೇ. ಲೈಪ್‌ಜಿಗ್ ಮೇಡಂ, ಅರವತ್ತು ಜನಕ್ಕೆ ಅಳತೆ ಹೇಳ್ತೀರಾ? ನಮ್ಮಲ್ಲಿ ಯಾರೂ ಹತ್ತು ಜನಕ್ಕಿಂತ ಜಾಸ್ತಿಗೆ ಅಡುಗೆ ಮಾಡಿಲ್ಲ.

ಲೈಪ್‌ಜಿಗ್_ಕನ್ನಡತಿ:
ಮೇಡಂ ಬೇಡಪ್ಪ, ಅಕ್ಕ ಅನ್ನು ಸಾಕು. ಅಕ್ಕಿ 4 ಕೆಜಿ, ತೊಗರಿಬೇಳೆ 2 ಕೆಜಿ, ತರಕಾರಿ ಹೆಚ್ಚಿದ ಮೇಲೆ 5 ಕೆಜಿ ಇರ್ಲಿ, ಹುರುಳಿಕಾಯಿ ಕ್ಯಾರೆಟ್ ನವಿಲುಕೋಸು ಬಟಾಣಿ. ಹುಣಸೆಹಣ್ಣು ಕಾಲು ಕೆಜಿಗಿಂತ ಸ್ವಲ್ಪ ಜಾಸ್ತಿ, ಹಿಂದಿನ ರಾತ್ರಿನೇ ನೆನೆಹಾಕಿ. ಪುಡಿ ಮನೇಲೇ ಹುರಿದು ಮಾಡಿ, ತುಪ್ಪ ಇಲ್ಲದಾಗ ರುಚಿ ಎಲ್ಲಾ ಪುಡಿ ಮೇಲೇ ನಿಂತಿರತ್ತೆ, ಕೊಬ್ಬರಿ ಧಾರಾಳವಾಗಿ ಹಾಕಿ. ಒಗ್ಗರಣೆಗೆ ಕಡ್ಲೆಕಾಯಿ ಎಣ್ಣೆ ಒಂದು ಲೀಟರ್, ಜೊತೆಗೆ ಅರ್ಧ ಕೆಜಿ ಕಡ್ಲೆಬೀಜ ಹುರಿದು ಹಾಕಿದ್ರೆ ತುಪ್ಪ ಎಲ್ಲಿ ಅಂತ ಯಾರೂ ಕೇಳಲ್ಲ. ಬೇಳೆ ಪೂರ್ತಿ ಬೆಂದ ಮೇಲೇ ಹುಳಿ ಹಾಕಿ, ಮೊದಲೇ ಹಾಕಿದ್ರೆ ಬೇಳೆ ಬೇಯೋದೇ ಇಲ್ಲ, ನಾನು ಇಲ್ಲಿ ಒಂದು ಸಲ ಎಪ್ಪತ್ತು ಜನರನ್ನ ರಾತ್ರಿ ಹತ್ತೂವರೆವರೆಗೆ ಕಾಯಿಸಿದೀನಿ. ನೀರು ಅಕ್ಕಿ ಬೇಳೆ ಸೇರಿ ಒಂದಕ್ಕೆ ಆರು ಇಟ್ಕೋ, ಪಕ್ಕದಲ್ಲಿ ಬಿಸಿನೀರು ಕುದೀತಾ ಇರ್ಲಿ, ಮೊದಲನೇ ಬ್ಯಾಂಡ್ ಮುಗಿಯೋ ಹೊತ್ತಿಗೆ ಅದು ಗಟ್ಟಿ ಆಗಿಬಿಡತ್ತೆ.